ರಂಜಕ

ಕೋಟೆಯ ತೋಪಿನ ಬೆನ್ನಲ್ಲಿ ಕಿರುಬೆರಳು ಹಿಡಿಸುವಷ್ಟು ತೂತು.
ಅದರಲ್ಲಿ ತುಂಬುತ್ತಿದ್ದ ಚಿಟಿಕೆ ಮದ್ದಿಗೆ ರಂಜಕ ಅಂತ ಹೆಸರು,
ಶಾಲೆಯ ಮಕ್ಕಳಿಗೆ ಗೈಡ್ ಹೇಳುತ್ತಾನೆ.
ನನಗೆ ಆ ಹೆಸರು ಸಿಕ್ಕಿದ್ದು ಬೇರೆ ಕಡೆ:
ಬೀದರಿನ ಮಣ್ಣು ಪರೀಕ್ಷೆಯ ಕೋಣೆಯಲ್ಲಿ,
ಸಾರಜನಕಕ್ಕೂ ಪೊಟ್ಯಾಷಿಗೂ ನಡುವಿನ ಕಾಲಂನಲ್ಲಿ.

ಹನ್ನೊಂದು ವರ್ಷದಿಂದ ಗಾಜಿನ ನಳಿಕೆ ತೊಳೆಯುತ್ತೇನೆ.
ಸೋಸಿದ ಮಣ್ಣಿನ ತಿಳಿಗೆ ನಾಲ್ಕು ಹನಿ ಹಾಕಿ
ಹತ್ತು ನಿಮಿಷ ಕಾದರೆ ನೀಲಿ ಏಳುತ್ತದೆ.
ಬಡ ಮಣ್ಣಾದರೆ ತೊಳೆದ ಆಕಾಶ,
ಉಂಡ ಮಣ್ಣಾದರೆ
ಅಪ್ಪನ ಧೋತರಕ್ಕೆಂದು ಅವ್ವ ಕಲಸುತ್ತಿದ್ದ ನೀಲಿಯ ಬೋಗುಣಿ.

ಅಣ್ಣ ವೈಜಿನಾಥನ ಮಣ್ಣು ಬೋಗುಣಿಯ ನೀಲಿ.
ಕಾರ್ಡಿನಲ್ಲಿ ಮೂರು ವರ್ಷ ಬರೆದಿದ್ದೇವೆ: ಹೆಚ್ಚು.
ಅವನು ಅದನ್ನು ಶಹಬ್ಬಾಸ್ ಅಂತ ಓದಿಕೊಂಡ.
"ಹೆಚ್ಚದ ಅಂದ್ರ ಚಲೋನೇ ಅಲ್ಲೇನು?"
ಕಬ್ಬಿಗೆ ಎಕರೆಗೆ ಎರಡು ಚೀಲ ಡಿಎಪಿ,
ಮೇಲೆ ಹುಮನಾಬಾದ್ ಕಡೆಯಿಂದ ಕೋಳಿಗೊಬ್ಬರದ ಲಾರಿ,
ನಾತಕ್ಕೆ ಮೂಗು ಹಿಡಿದು ಹಿಂದೆ ಓಡುವ ಹುಡುಗರು.
ಕಬ್ಬು ಕುಡಿದಷ್ಟು ಕುಡಿಯಿತು.
ಮಿಕ್ಕಿದ್ದು ಕೆಂಪು ಹೆಂಟೆಗೆ ಅಂಟಿಕೊಂಡು ಕೂತಿತು,
ಯಾರಾದರೂ ಕರೆಯಲಿ ಎಂದು.

ಮಿರಗ ಕರೆಯಿತು.

ಒಂದೇ ರಾತ್ರಿ. ಒಡೆದ ಬದುವಿನ ತಗ್ಗಿನಿಂದ
ಚಹಾದ ಬಣ್ಣದ ನೀರು ಕೆರೆಗೆ ಇಳಿಯಿತು
ಸಂತೆಗೆ ತಡವಾದವರ ಹಾಗೆ.

ತೋಪಿಗೆ ಕಿಡಿ ಬೇಕಿತ್ತು. ಕೆರೆಗೆ ಬಿಸಿಲೇ ಸಾಕಾಯಿತು.
ಸದ್ದಿಲ್ಲದೆ ಹಾರಿತು ಮದ್ದು:
ಈ ದಂಡೆಯಿಂದ ಆ ದಂಡೆಗೆ ಹಸಿರು,
ಕೋಲು ಆಡಿಸಿದರೆ ಕೋಲಿಗೇ ಸುತ್ತಿಕೊಳ್ಳುವ ಹಸಿರು,
ಎಮ್ಮೆ ಮೂಸಿ ಹಿಂದೆ ಸರಿಯುವ ಹಸಿರು.

ಮೀನಿನ ಟೆಂಡರು ಝರೆಪ್ಪನದು.
ಝರಣಿಯ ಗವಿಯಲ್ಲಿ ಎದೆಮಟ ನೀರು ನಡೆದು
ಅವನವ್ವ ಬೇಡಿಕೊಂಡು ಹಡೆದವನು.
ನಸುಕಿನಲ್ಲಿ ಬಂದು ನೋಡುತ್ತಾನೆ,
ಕಟ್ಲಾ, ರೋಹು, ಎಲ್ಲ ಮೇಲೆ ಬಂದು
ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ
ಕೇಳಿಸದ ಏನನ್ನೋ ಹೇಳುತ್ತಿವೆ.
"ನೀರಾಗಿದ್ದೂ ಉಸುರು ಸಿಗವಲ್ದು ಅಂದ್ರ ಹ್ಯಾಂಗ್ರಿ ಬಾಯಿ,
ಯಾರರೆ ವಿಷ ಹಾಕ್ಯಾರೇನು?"
ಇಲ್ಲ ಎಂದೆ. ವಿಷವಲ್ಲ, ಊಟ.
ಬಡಿಸಿದವರು ಯಾರೆಂದು ಹೇಳಲಿಲ್ಲ.

ಒಂದು ಬಾಟ್ಲಿ ಕೆರೆನೀರು ಸೆರಗಲ್ಲಿ ಮುಚ್ಚಿ ಒಯ್ದೆ.
ಸಾಹೇಬರು ಊಟಕ್ಕೆ ಹೋದಾಗ ಸೋಸಿದೆ, ಹನಿ ಹಾಕಿದೆ, ಕಾದೆ.
ನೀಲಿ ಎದ್ದಿತು, ತೆಳ್ಳಗೆ.
ಉಳಿದದ್ದು ಸೋಸುಕಾಗದದ ಮೇಲೆ, ಹಸಿರಿನ ಹೊಟ್ಟೆಯಲ್ಲಿ.
ಬರೆಯಲು ಹೋದರೆ ಕಾರ್ಡು
ಸರ್ವೆ ನಂಬರು ಕೇಳುತ್ತದೆ, ಬೆಳೆ ಯಾವುದು ಕೇಳುತ್ತದೆ.
ಕೆರೆಗೆ ಕಾಲಂ ಇಲ್ಲ.

ಸಂಜೆ ನಳಿಕೆಯನ್ನು ಅಣ್ಣನ ಕೈಗೆ ಕೊಟ್ಟೆ.
ಬಲ್ಬಿಗೆ ಹಿಡಿದು ಬಹಳ ಹೊತ್ತು ನೋಡಿದ.
ಬೈಯುತ್ತಾನೆ ಅಂದುಕೊಂಡೆ. ಕೇಳಿದ:
"ಎಷ್ಟ್ ರೂಪಾಯ್ದು ಅದ ಇದು?"
ಬೆರಳೆಣಿಸಿ ಹೇಳಿದೆ, ಇಡೀ ಕೆರೆಯದು, ಚೀಲದ ಲೆಕ್ಕದಲ್ಲಿ.
ಚಪ್ಪಲಿ ಮೆಟ್ಟಿಕೊಳ್ಳದೆ ಎದ್ದು ಹೋಗಿ
ಕುಂತ ದಂಡೆಯ ಮೇಲೆ, ಝರೆಪ್ಪನಿಂದ ನಾಲ್ಕು ಮಾರು ದೂರ,
ತನ್ನ ರೊಕ್ಕ ತೇಲುವುದನ್ನು ನೋಡುತ್ತ.

ಈ ಸಲ ಒಂದು ಚೀಲ ಬಿಚ್ಚಿಲ್ಲ.
ಮಾರಿಲ್ಲ, ಅಂಗಡಿಗೆ ಮರಳಿಸಿಲ್ಲ.
ಪಡಸಾಲೆಯ ಗೋಡೆಗೆ ಒರಗಿಸಿ ನಿಲ್ಲಿಸಿದ್ದಾನೆ
ಹೇಳದೆ ಬಂದ ಬೀಗರ ಹಾಗೆ.
ಪಕ್ಕದ ಹೊಲದ ಕಬ್ಬು ಒಂದು ಗೇಣು ಎತ್ತರ ಕಂಡ ದಿನ
ರಾತ್ರಿ ಎದ್ದು ಅದರ ಹೊಲಿಗೆ ಮುಟ್ಟಿ ನೋಡುತ್ತಾನಂತೆ.
ಅತ್ತಿಗೆ ಹೇಳುತ್ತಾಳೆ.

ಝರೆಪ್ಪ ಬಲೆ ಹೆಗಲಿಗೆ ಹಾಕಿಕೊಂಡು
ದಿನಾ ನಮ್ಮ ಬಾಗಿಲ ಮುಂದೆ ಹಾಯುತ್ತಾನೆ.
ಮೀನಿನ ಸುದ್ದಿ ಎತ್ತುವುದಿಲ್ಲ. ಹೊಸ್ತಿಲಾಚೆಯಿಂದ ಬಗ್ಗಿ
ಒಂದೇ ಮಾತು: "ಅದನೇನ್ರಿ ಇನ್ನಾ?"
ಅದ, ಅನ್ನುತ್ತೇನೆ.
ಇವತ್ತಿಗೆ ಅದ.